ಆಪರೇಷನ್ ಆದಮೇಲಿನ ಕಥೆ: ಮಕ್ಕಳ ಲಿವರ್ ಕಸಿ ಮತ್ತು ದಿನದ ಮಾತ್ರೆ

ಲಿವರ್ ಕಸಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಆಪರೇಷನ್ ಥಿಯೇಟರ್ ಮತ್ತು ಸರ್ಜನ್. ಈ ಸಲದ ಕಂತು ಅದು ಮುಗಿದ ಮೇಲಿನದು. ಮನೆಗೆ ಬಂದ ಮಗು ದಿನಾ ನುಂಗಬೇಕಾದ ಮಾತ್ರೆಯ ಕಥೆ.

1️⃣ ಶುರುವಾಗಿದ್ದೇ ಮಕ್ಕಳಿಂದ
1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯರಲ್ಲಿ ಮೊದಲ ಸಲ ಲಿವರ್ ಕಸಿಗೆ ಕೈಹಾಕಿದರು. ರೋಗಿ ಮೂರು ವರ್ಷದ ಮಗು. ರಕ್ತಸ್ರಾವ ನಿಲ್ಲಲಿಲ್ಲ, ಮಗು ಉಳಿಯಲಿಲ್ಲ. 1967ರಲ್ಲಿ ಅವರದೇ ತಂಡ 19 ತಿಂಗಳ ಹೆಣ್ಣುಮಗುವಿಗೆ ಕಸಿ ಮಾಡಿತು. ಅವಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಆ ಕಾಲಕ್ಕೆ ಅದೇ ದೊಡ್ಡ ಗೆಲುವು.

2️⃣ ಔಷಧಿ ಬಂತು
ಹೊಲಿಗೆ ಹಾಕೋದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇತ್ತು. ಹೊಸ ಅಂಗವನ್ನ ದೇಹ ಶತ್ರು ಅಂದುಕೊಂಡು ಹೊಡೆದು ಹಾಕುತ್ತೆ. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಸಿಕ್ಕ ಸೈಕ್ಲೋಸ್ಪೋರಿನ್‌ಗೆ 1983ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಮೇಲೆ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಟ್ಯಾಕ್ರೋಲಿಮಸ್ ಬಂತು, 1994ರಲ್ಲಿ ಅನುಮತಿ. ಮಕ್ಕಳು ದೊಡ್ಡವರಾಗಿ ಶಾಲೆಗೆ, ಕಾಲೇಜಿಗೆ ಹೋಗೋ ಹಾಗಾಯ್ತು.

ಆದರೆ ಒಂದು ಷರತ್ತು. ಮಾತ್ರೆ ತಪ್ಪಿಸೋ ಹಾಗಿಲ್ಲ, ಜೀವನಪೂರ್ತಿ.

3️⃣ ಮಾತ್ರೆ ಬಿಟ್ಟರೆ ಏನಾಗುತ್ತೆ?
ಅಂದೇ ಏನೂ ಆಗಲ್ಲ. ಅಪಾಯ ಇರೋದೇ ಅಲ್ಲಿ. ನೋವಿಲ್ಲ, ಜ್ವರ ಇಲ್ಲ, ಲಿವರ್ ಮಾತ್ರ ಒಳಗೊಳಗೇ ಹಾಳಾಗುತ್ತೆ. ಚಿಕ್ಕವರಿದ್ದಾಗ ಅಮ್ಮ ಮಾತ್ರೆ ಕೊಡ್ತಾಳೆ. ಹದಿಹರೆಯ ಬಂದಾಗ ಡಬ್ಬಿ ಮಗುವಿನ ಕೈಗೆ ಬರುತ್ತೆ. "ಹುಷಾರಾಗಿದೀನಲ್ಲ, ಇನ್ಯಾಕೆ?" ಅನ್ನೋ ವಯಸ್ಸು ಅದು.

4️⃣ ಒಬ್ಬ ಸಂಶೋಧಕ ಬೇರೆ ಥರ ಕೇಳಿದ
ನ್ಯೂಯಾರ್ಕ್‌ನ ಮೌಂಟ್ ಸೈನಾಯ್‌ನ ಎಯಾಲ್ ಶೆಮೆಶ್ ಮಕ್ಕಳ ಮನಸ್ಸಿನ ಕಡೆಯಿಂದ ಇದನ್ನ ನೋಡಿದರು. ಅವರೂ ಸಂಗಡಿಗರೂ 2000ದಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ಬರೀ 19 ರೋಗಿಗಳದು. ಮಾತ್ರೆ ತಪ್ಪಿಸೋದಕ್ಕೂ ಆಘಾತದ ಲಕ್ಷಣಗಳಿಗೂ ನಂಟಿದೆ ಅಂತ ಅದು ತೋರಿಸಿತು. ಅಂದ್ರೆ ಕೆಲವು ಮಕ್ಕಳಿಗೆ ಮಾತ್ರೆ ನೋಡಿದರೆ ಆಸ್ಪತ್ರೆಯ ದಿನಗಳು ವಾಪಸ್ ಬರುತ್ತವೆ. ಆ ನೆನಪಿನಿಂದ ದೂರ ಇರೋಕೆ ಮಾತ್ರೆಯಿಂದಲೇ ದೂರ ಇರ್ತಾರೆ. ಹೊರಗಿಂದ ನೋಡೋರಿಗೆ ಇದು ಹಟದ ಥರ ಕಾಣುತ್ತೆ, ಒಳಗೆ ಇರೋದು ಭಯ.

5️⃣ ಸ್ಟ್ಯಾಂಡರ್ಡ್ ಡೀವಿಯೇಷನ್!
ಯಾವ ಮಗು ಮಾತ್ರೆ ಬಿಡ್ತಿದೆ ಅಂತ ತಿಳಿಯೋದು ಹೇಗೆ? ಕೇಳಿದರೆ ಎಲ್ಲರೂ "ತಗೋತಿದೀನಿ" ಅಂತಾರೆ. ಒಂದು ರಕ್ತಪರೀಕ್ಷೆ ಸಾಕಾಗಲ್ಲ, ಟೆಸ್ಟಿಗೆ ಮುಂಚಿನ ನಾಲ್ಕು ದಿನ ಸರಿಯಾಗಿ ನುಂಗಿದರೂ ರಿಪೋರ್ಟ್ ಚೆನ್ನಾಗಿ ಬರಬಹುದು. ಅದಕ್ಕೆ ಹಲವು ಪರೀಕ್ಷೆಗಳ ಟ್ಯಾಕ್ರೋಲಿಮಸ್ ಮಟ್ಟ ತಗೊಂಡು ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಹಾಕಿದರು. ಹೌದು, ಬಿಕಾಂ ಸ್ಟ್ಯಾಟಿಸ್ಟಿಕ್ಸ್ ಪೇಪರ್‌ನಲ್ಲಿ ನಾವು ಬರೆಯೋ ಅದೇ ಲೆಕ್ಕ.

ಉದಾಹರಣೆಗೆ, ಒಂದು ಮಗುವಿನ ಮಟ್ಟ 6, 7, 6, 7. ಇನ್ನೊಂದರದು 2, 11, 4, 9. ಎರಡಕ್ಕೂ ಸರಾಸರಿ 6.5! ಸರಾಸರಿ ನೋಡಿದರೆ ಇಬ್ಬರೂ ಒಂದೇ. ಡೀವಿಯೇಷನ್ ಮಾತ್ರ ಮೊದಲನೆಯದಕ್ಕೆ ಸುಮಾರು 0.6, ಎರಡನೆಯದಕ್ಕೆ ಸುಮಾರು 4.2.

ಈ ಅಳತೆಗೆ ಎಂಎಲ್‌ವಿಐ ಅಂತ ಹೆಸರು. ಅಮೆರಿಕದ 5 ಆಸ್ಪತ್ರೆಗಳ 400 ಮಕ್ಕಳನ್ನ ಎರಡು ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಬಂತು. ಈ ಸಂಖ್ಯೆ 2 ದಾಟಿದವರಲ್ಲಿ ದೇಹ ಲಿವರನ್ನ ತಿರಸ್ಕರಿಸೋ ಅಪಾಯ ಹೆಚ್ಚು ಅಂತ ಅದರಲ್ಲಿ ಕಂಡಿತು. ಹೊಸ ಯಂತ್ರ ಬೇಡ, ಹೊಸ ಟೆಸ್ಟ್ ಬೇಡ. ಫೈಲಿನಲ್ಲಿ ಆಗಲೇ ಇದ್ದ ಅಂಕಿಗಳೇ ಸಾಕು.

6️⃣ ಆದರೂ ಒಂದು ಎಚ್ಚರ
ಬೇರೆ ಔಷಧಿಯಿಂದ, ಭೇದಿಯಿಂದ, ಡಾಕ್ಟರೇ ಡೋಸ್ ಬದಲಿಸಿದ್ದರಿಂದಲೂ ಮಟ್ಟ ಏರಿಳಿಯಬಹುದು. ಹಾಗಾಗಿ ಈ ಸಂಖ್ಯೆ ಯಾರ ಮೇಲೂ ಹೊರಿಸೋ ಆರೋಪ ಅಲ್ಲ. ಯಾವ ಮಗುವಿನ ಹತ್ತಿರ ಮೊದಲು ಕೂತು ಮಾತಾಡಬೇಕು ಅಂತ ಹೇಳುತ್ತೆ, ಅಷ್ಟೇ. ಬೈದರೆ ಮಗು ಸುಳ್ಳು ಹೇಳೋದು ಕಲಿಯುತ್ತೆ. "ಯಾಕೆ ಕಷ್ಟ ಆಗ್ತಿದೆ ಪುಟ್ಟಾ?" ಅಂತ ಕೇಳಿದರೆ ನಿಜವಾದ ಕಾರಣ ಹೊರಗೆ ಬರಬಹುದು.

ಮುಂದಿನ ಕಂತು: ನಾರ್ವೆಯ ಆ ಹಿಡಿ ಮಣ್ಣು ಲ್ಯಾಬಿಗೆ ಬಂದಿದ್ದು ಹೇಗೆ? ಸೇವ್ ಮಾಡ್ಕೊಳ್ಳಿ, ಉಪಯೋಗ ಆಗೋರಿಗೆ ಕಳಿಸಿ.

#ಕನ್ನಡದಲ್ಲಿಚರಿತ್ರೆ #ಅಂಗಾಂಗಕಸಿ