ತಪ್ಪು ಲೆಕ್ಕದ ಒಳನಿಯಮ: ದೋಷಶೋಧನೆಯ ಪರಂಪರೆ ಮತ್ತು ಮಕ್ಕಳ ಗಣನಾತ್ಮಕ ಚಿಂತನೆ

ಒಂದೇ ಕಥೆಯ ಹಲವು ಪಾಠಗಳು ದೊರೆತಾಗ ಜಾನಪದ ವಿದ್ವಾಂಸರು ಅವುಗಳಲ್ಲಿ ಒಂದನ್ನು ಸರಿಯೆಂದು ಇಟ್ಟುಕೊಂಡು ಉಳಿದವನ್ನು ತಪ್ಪೆಂದು ಎಸೆಯುವುದಿಲ್ಲ; ಭಿನ್ನತೆ ಹುಟ್ಟಿದ ಬಗೆಯನ್ನು ಅರಸುತ್ತಾರೆ. ಲೆಕ್ಕದಲ್ಲಿ ಸರಿ-ತಪ್ಪುಗಳ ಗೆರೆ ಖಚಿತವಾದುದು, ನಿಜ. ಆದರೂ ಮಗುವಿನ ಸ್ಲೇಟಿನ ಮೇಲಿನ ತಪ್ಪು ಉತ್ತರವೂ ಒಂದು ದಾಖಲೆಯೇ. ಅದನ್ನು ಓದುವ ಕ್ರಮ ಹೇಗೆ ಬೆಳೆದುಬಂತು, ‘ಗಣನಾತ್ಮಕ ಚಿಂತನೆ’ ಎಂದು ಈಗ ಕರೆಯಲಾಗುವ ಕಲಿಕೆಗೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಸಮಸ್ಯೆಯನ್ನು ಹಂತಗಳಾಗಿ ಒಡೆಯುವುದು, ಪ್ರತಿ ಹಂತದ ನಿಯಮವನ್ನು ಸ್ಪಷ್ಟಪಡಿಸುವುದು, ತಪ್ಪಿದ ಹಂತವನ್ನು ಗುರುತಿಸಿ ತಿದ್ದುವುದು – ಈ ಬುದ್ಧಿಕ್ರಮವನ್ನೇ ಇಲ್ಲಿ ಗಣನಾತ್ಮಕ ಚಿಂತನೆಯೆಂದು ಗ್ರಹಿಸಲಾಗಿದೆ.

ಉತ್ತರವನ್ನು ತಾಳೆ ನೋಡುವ ಕ್ರಮ ಭಾರತೀಯ ಗಣಿತದಲ್ಲಿ ಹಳೆಯದು. ಕ್ರಿ.ಶ. ೪೯೯ರ ಆರ್ಯಭಟೀಯದಲ್ಲಿ ವಿಲೋಮವಿಧಿಯ ನಿರೂಪಣೆಯಿದೆ: ಫಲದಿಂದ ಹಿಂದಕ್ಕೆ ನಡೆಯುವಾಗ ಗುಣಿಸಿದುದನ್ನು ಭಾಗಿಸಬೇಕು, ಕೂಡಿಸಿದುದನ್ನು ಕಳೆಯಬೇಕು. ಸುಮಾರು ಹತ್ತನೆಯ ಶತಮಾನದ ಎರಡನೆಯ ಆರ್ಯಭಟನ ಮಹಾಸಿದ್ಧಾಂತದಲ್ಲಿ ಒಂಬತ್ತನ್ನು ಕಳೆದು ಪರೀಕ್ಷಿಸುವ ವಿಧಾನ ಬರುತ್ತದೆ. ನಾರಾಯಣ ಪಂಡಿತನು ೧೩೫೬ರ ಗಣಿತಕೌಮುದಿಯಲ್ಲಿ ಇದನ್ನು ಒಂಬತ್ತಲ್ಲದೆ ಬೇರೆ ಸಂಖ್ಯೆಗಳಿಗೂ ವಿಸ್ತರಿಸಿದನು. ಉದಾಹರಣೆಗೆ, ೨೩×೩೪=೭೮೨ ಎಂಬ ಲೆಕ್ಕದಲ್ಲಿ ೨೩ರ ಅಂಕಿಗಳ ಮೊತ್ತ ೫, ೩೪ರದು ೭. ಇವುಗಳ ಗುಣಲಬ್ಧ ೩೫. ಅದರ ಅಂಕಿಗಳನ್ನು ಕೂಡಿದರೆ ೮. ಅತ್ತ ೭೮೨ರ ಅಂಕಿಗಳ ಮೊತ್ತ ೧೭, ಮತ್ತೆ ಕೂಡಿದರೆ ೮. ಲೆಕ್ಕ ತಾಳೆಯಾಯಿತು. ಆದರೆ ಅಂಕಿಗಳನ್ನು ಅದಲುಬದಲು ಮಾಡಿ ೭೨೮ ಎಂದು ಬರೆದರೂ ಈ ಪರೀಕ್ಷೆ ಒಪ್ಪಿಬಿಡುತ್ತದೆ. ತಪ್ಪು ಸಿಕ್ಕಿಬಿದ್ದಾಗಲೂ ಅದು ಯಾವ ಹಂತದಲ್ಲಿ ನುಸುಳಿತೆಂದು ಪರೀಕ್ಷೆ ಹೇಳಲಾರದು. ತಪ್ಪಿದೆಯೆಂದು ತಿಳಿಯುವುದು ಬೇರೆ, ತಪ್ಪಿನ ದಾರಿಯನ್ನು ತಿಳಿಯುವುದು ಬೇರೆ.

ಕರ್ನಾಟಕದಲ್ಲಿ ಗಣಿತದ ವ್ಯಾಸಂಗಕ್ಕೆ ದೀರ್ಘ ಇತಿಹಾಸವಿದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ, ಹನ್ನೆರಡನೆಯ ಶತಮಾನದ ರಾಜಾದಿತ್ಯನ ಕನ್ನಡ ಕೃತಿ ವ್ಯವಹಾರಗಣಿತ ಇದಕ್ಕೆ ಸಾಕ್ಷಿ. ಊರಿನ ಮಕ್ಕಳ ಕಲಿಕೆಯ ಚಿತ್ರವಾದರೋ ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಬರೆದ ವರದಿಯಲ್ಲಿ ದೊರೆಯುತ್ತದೆ. ಆಗಿನ ಬಳ್ಳಾರಿ ಜಿಲ್ಲೆಯ ೫೩೩ ಶಾಲೆಗಳಲ್ಲಿ ೬,೬೪೧ ವಿದ್ಯಾರ್ಥಿಗಳಿದ್ದರು. ಕನ್ನಡ ಶಾಲೆಗಳು ೨೩೫. ಮುಂದುವರಿದ ವಿದ್ಯಾರ್ಥಿ ಹಿಂದಿನವನಿಗೆ ಕಲಿಸುತ್ತ ತನ್ನ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ. ಅರ್ಥವರಿಯದ ಬಾಯಿಪಾಠವನ್ನು ಟೀಕಿಸಿದ್ದಾನೆ. ಈ ಎರಡು ಮಾತುಗಳನ್ನು ಒಟ್ಟಿಗೆ ಓದಬೇಕು. ಮಗ್ಗಿ ಒಪ್ಪಿಸುವವನಷ್ಟೇ ಅದನ್ನು ಕೇಳುವವನೂ ಎಚ್ಚರದಿಂದಿರಬೇಕು. ಎಡವಿದೆಡೆ ತಡೆದು ತಿದ್ದಬೇಕು. ಆದರೆ ಬಾಯಿಪಾಠದಲ್ಲಿ ತಿದ್ದುಪಡಿ ಅಲ್ಲಿಗೇ ನಿಲ್ಲುತ್ತದೆ. ‘ಹೀಗೇಕೆ ಹೇಳಿದೆ?’ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ.

ಆ ಪ್ರಶ್ನೆಯನ್ನು ಕಲಿಕೆಯ ನಡುವೆ ತಂದು ನಿಲ್ಲಿಸಿದ ಮಹತ್ವದ ಪ್ರಯತ್ನಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ನಡೆದವು. ೧೯೬೭ರಲ್ಲಿ ವಾಲಿ ಫ್ಯೂರ್‌ಜೈಗ್, ಸೆಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಅದರಲ್ಲಿ ಮಗು ‘ಆಮೆ’ಗೆ ಆಜ್ಞೆ ಕೊಟ್ಟು ಚಿತ್ರ ಬರೆಸುತ್ತದೆ. ಸಮಬಾಹು ತ್ರಿಕೋನ ಬೇಕೆಂದು ಪ್ರತಿ ಮೂಲೆಯಲ್ಲಿ ೬೦ ಡಿಗ್ರಿ ತಿರುಗಿಸಿದರೆ ತ್ರಿಕೋನ ಮೂಡದು. ಅದನ್ನೇ ಆರು ಸಲ ಮಾಡಿದರೆ ಷಟ್ಕೋನ ಮೂಡುತ್ತದೆ. ಆಮೆ ಹೊರಳಬೇಕಾದುದು ಹೊರಕೋನವಾದ ೧೨೦ ಡಿಗ್ರಿಯಷ್ಟು ಎಂಬುದನ್ನು ಮಗು ಆ ತಪ್ಪು ಚಿತ್ರದಿಂದಲೇ ಕಲಿಯುತ್ತದೆ. ೧೯೮೦ರಲ್ಲಿ ಪ್ರಕಟವಾದ ಮೈಂಡ್‌ಸ್ಟಾರ್ಮ್ಸ್ ಕೃತಿಯಲ್ಲಿ ಪ್ಯಾಪರ್ಟ್ ದೋಷಶೋಧನೆಯನ್ನು ಕಲಿಕೆಯ ತಿರುಳೆಂದೇ ಪ್ರತಿಪಾದಿಸಿದನು.

೧೯೭೮ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಪ್ರಕಟಿಸಿದ ಅಧ್ಯಯನ ಈ ನೋಟವನ್ನು ನೇರವಾಗಿ ಅಂಕಗಣಿತಕ್ಕೆ ತಂದಿತು. ಒಂದು ಮಗು ೫೨−೨೭=೩೫, ೭೪−೩೮=೪೪ ಎಂದು ಬರೆದಿದೆಯೆನ್ನೋಣ. ಇದನ್ನು ಅಜಾಗರೂಕತೆಯೆಂದು ಬೈಯುವುದು ಸುಲಭ. ಆದರೆ ಎರಡರಲ್ಲೂ ಮಗು ಪ್ರತಿ ಸ್ಥಾನದಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ನೋಡಿಲ್ಲ. ತನ್ನ ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸಿದೆ, ನಿಯಮವೇ ತಪ್ಪು. ಅದೇ ಮಗು ೮೬−೪೨=೪೪ ಎಂದು ಸರಿಯುತ್ತರ ಬರೆಯುತ್ತದೆ, ಏಕೆಂದರೆ ಅಲ್ಲಿ ದಶಕ ತೆಗೆದುಕೊಳ್ಳುವ ಅಗತ್ಯವಿಲ್ಲ. ಅಂಕ ಮಾತ್ರ ಎಣಿಸುವ ಶಿಕ್ಷಕನಿಗೆ ಈ ಒಳನಿಯಮ ಕಾಣುವುದಿಲ್ಲ. ಬ್ರೌನ್ ಮತ್ತು ಬರ್ಟನ್ ರೂಪಿಸಿದ ‘ಬಗ್ಗಿ’ ಎಂಬ ಕಂಪ್ಯೂಟರ್ ಆಟದಲ್ಲಿ ಯಂತ್ರವು ಇಂಥ ತಪ್ಪು ಮಾಡುವ ವಿದ್ಯಾರ್ಥಿಯ ಪಾತ್ರ ವಹಿಸುತ್ತಿತ್ತು. ಆಡುವವನು ಲೆಕ್ಕಗಳನ್ನು ಕೊಟ್ಟು ಅದರ ನಿಯಮವನ್ನು ಊಹಿಸಬೇಕು. ಬಳಿಕ ಹೊಸ ಲೆಕ್ಕಗಳಿಗೆ ಆ ‘ವಿದ್ಯಾರ್ಥಿ’ ಕೊಡುವ ಉತ್ತರವನ್ನು ಮುಂದಾಗಿ ಹೇಳಿ ಊಹೆಯನ್ನು ಸಾಧಿಸಬೇಕು.

ಜೆನೆಟ್ ವಿಂಗ್ ೨೦೦೬ರಲ್ಲಿ ಬರೆದ ಲೇಖನದಿಂದ ‘ಗಣನಾತ್ಮಕ ಚಿಂತನೆ’ ಎಂಬ ಮಾತು ವ್ಯಾಪಕವಾಯಿತು. ಭಾರತದ ರಾಷ್ಟ್ರೀಯ ಶಿಕ್ಷಣ ನೀತಿ ೨೦೨೦ ಸಹ ಇದನ್ನು ಉಲ್ಲೇಖಿಸುತ್ತದೆ. ಇದನ್ನು ಕಂಪ್ಯೂಟರ್ ಕೊಠಡಿಯ ವಿಷಯವೆಂದಷ್ಟೇ ಬಗೆದರೆ ಯಂತ್ರವಿಲ್ಲದ ಶಾಲೆಯ ಮಕ್ಕಳು ಹೊರಗುಳಿಯುತ್ತಾರೆ. ಮೇಲಿನ ಇತಿಹಾಸ ಸೂಚಿಸುವ ದಾರಿ ಬೇರೆ. ಕರಿಹಲಗೆಯ ಮೇಲೆ ಒಂದೇ ಬಗೆಯಲ್ಲಿ ತಪ್ಪಿದ ಮೂರು ಲೆಕ್ಕಗಳನ್ನು ಬರೆದು, ಬಿಡಿಸಿದವನು ಯಾವ ನಿಯಮ ಅನುಸರಿಸಿದನೆಂದು ಮಕ್ಕಳನ್ನು ಕೇಳಬಹುದು. ಅದೇ ನಿಯಮದಂತೆ ೬೧−೩೫ಕ್ಕೆ ಅವನು ಏನು ಬರೆಯುತ್ತಾನೆ ಎಂದು ಹೇಳಿಸಬಹುದು. ೩೪ ಎಂದು ಹೇಳಿದ ಮಗು ಆ ತಪ್ಪಿನ ನಿಯಮವನ್ನು ಹಿಡಿದಿದೆ. ೨೬ ಏಕೆ ಸರಿಯೆಂದು ವಿವರಿಸಿದ ಮಗು ದಶಕದ ತತ್ತ್ವವನ್ನು ಅರಿತಿದೆ. ಇದಕ್ಕೆ ಬೇಕಾದುದು ಸೀಮೆಸುಣ್ಣ, ಕಾಲಾವಕಾಶ, ತಪ್ಪನ್ನು ಕೂಡಲೇ ಅಳಿಸದ ತಾಳ್ಮೆ.

ಬಾಯಿಲೆಕ್ಕ, ಮಗ್ಗಿ, ಒಗಟುಗಳನ್ನು ಸಂಗ್ರಹಿಸಿರುವ ನಾವು ಇದುವರೆಗೆ ಹೆಚ್ಚಾಗಿ ಸರಿಯುತ್ತರಗಳನ್ನೇ ದಾಖಲಿಸಿದ್ದೇವೆ. ಮಕ್ಕಳ ತಪ್ಪುಗಳನ್ನು ಅವರ ವಿವರಣೆಯೊಡನೆ ಸಂಗ್ರಹಿಸುವ ಕಾರ್ಯ ಜಾನಪದ ಮತ್ತು ಶಿಕ್ಷಣ ಕ್ಷೇತ್ರಗಳೆರಡರ ಹೊಣೆಯಾಗಬೇಕು. ದಡ್ಡರೆಂದು ಹಿಂದಿನ ಸಾಲಿಗೆ ತಳ್ಳಲ್ಪಟ್ಟ ಎಷ್ಟೋ ಮಕ್ಕಳು ತಾವು ಗ್ರಹಿಸಿದ ನಿಯಮವನ್ನು ತಪ್ಪದೆ ಪಾಲಿಸಿದವರೇ ಆಗಿರಬಹುದೆಂಬುದನ್ನು ಅಂಥ ಸಂಗ್ರಹ ತೋರಿಸಿಕೊಡಬಲ್ಲುದು.