ರಾಣಿಬಾಗಿನ ಮರಗಳಿಗೂ ಹೆಸರಿದೆ



ಮುಂಬಯಿಯಲ್ಲಿರುವ ನಮ್ಮ ಕನ್ನಡಿಗರಲ್ಲಿ ರಾಣಿಬಾಗ್ ನೋಡದವರು ಯಾರಾದರೂ ಇದ್ದೀರಾ? ಊರಿಂದ ನೆಂಟರು ಬಂದರೆ ಮೊದಲು ಗೇಟ್‌ವೇ, ಆಮೇಲೆ ಮಹಾಲಕ್ಷ್ಮಿ, ಸಂಜೆಗೆ ಚೌಪಾಟಿ. ಜೊತೆಯಲ್ಲಿ ಮಕ್ಕಳಿದ್ದರೆ ಮಾತ್ರ ರಾಣಿಬಾಗ್. ಹಿಪ್ಪೊ ನೋಡಿ, ಮೊಸಳೆ ನೋಡಿ, ಈಗ ಪೆಂಗ್ವಿನ್ ಕೂಡ ನೋಡಿ, ಕಡಲೆಕಾಯಿ ತಿಂದು ವಾಪಸ್ಸು. ‘ಅಲ್ಲಿ ಯಾವ ಮರ ನೋಡಿದಿರಿ?’ ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇವೆ. ‘ಮರವೇ? ಇದ್ದವಪ್ಪ, ಒಳ್ಳೆ ನೆರಳಿತ್ತು’ ಎಂದು ಹೇಳಿ ಮುಗಿಸುತ್ತೇವೆ.

ಈ ಸಲ ಆ ನೆರಳಿನ ಕಥೆಯನ್ನೇ ನಿಮಗೆ ಹೇಳೋಣ ಅನ್ನಿಸಿತು. ಮರದ ಹೆಸರು ಕಲಿತ ಒಂದಿಷ್ಟು ಜನ ಒಂದು ಉದ್ಯಾನವನ್ನೇ ಉಳಿಸಿಕೊಂಡ ಕಥೆ ಇದು.

ರಾಣಿಬಾಗ್ ಮೊದಲು ಹುಟ್ಟಿದ್ದು ಪ್ರಾಣಿಗಳಿಗಾಗಿ ಅಲ್ಲ, ಗಿಡಮರಗಳಿಗಾಗಿ. ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘ ಎಂಬುದೊಂದು 1830ರ ದಶಕದಿಂದಲೇ ಇತ್ತು. ಹೊರದೇಶದ ಯಾವ ಬೆಳೆ, ಯಾವ ಮರ ನಮ್ಮ ನೆಲಕ್ಕೆ ಒಗ್ಗುತ್ತದೆ ಎಂದು ನೆಟ್ಟು ನೋಡುವುದು ಇಂಥ ಸಂಘಗಳ ಕೆಲಸ. ಸಂಘದ ಮೊದಲ ತೋಟ ಶಿವಡಿಯಲ್ಲಿತ್ತು. ಆ ಜಾಗ ಮುಂದೆ ಕ್ರೈಸ್ತರ ಸ್ಮಶಾನವಾಯಿತು. ಬೈಕುಲಾದಲ್ಲಿ ಹೊಸ ಜಾಗ ಸಿಕ್ಕಿತು. 1862ರ ನವೆಂಬರ್ 19ರಂದು ಗವರ್ನರ್ ಬಾರ್ಟಲ್ ಫ್ರೇರ್ ಅವರ ಪತ್ನಿ ಲೇಡಿ ಫ್ರೇರ್ ಅದನ್ನು ಉದ್ಘಾಟಿಸಿದರು. ವಿಕ್ಟೋರಿಯಾ ರಾಣಿಯ ಹೆಸರಿಟ್ಟ ತೋಟವಾದ್ದರಿಂದ ಜನರ ಬಾಯಲ್ಲಿ ಅದು ‘ರಾಣಿಚಿ ಬಾಗ್’ ಆಯಿತು. ಸ್ವಾತಂತ್ರ್ಯಾನಂತರ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ ಎಂದು ಹೆಸರು ಬದಲಾದರೂ ಬಸ್ ಕಂಡಕ್ಟರ್‌ಗೆ ‘ರಾಣಿಬಾಗ್’ ಅಂದರೇ ಅರ್ಥವಾಗುವುದು!

1873ರಲ್ಲಿ ಉದ್ಯಾನ ನಗರಪಾಲಿಕೆಯ ಕೈಗೆ ಬಂತು. ಅದಕ್ಕೆ ಒಂದು ವರ್ಷ ಮೊದಲು, 1872ರಲ್ಲಿ, ಆವರಣದಲ್ಲೇ ವಸ್ತುಸಂಗ್ರಹಾಲಯ ತೆರೆದಿತ್ತು. ಅದೇ ಇಂದಿನ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ. ಪ್ರಾಣಿಗಳು ಬಂದದ್ದು ಇದೆಲ್ಲ ಆದ ಮೇಲೆ. ಆಮೇಲೆ ಊರಿನಲ್ಲಿ ಜಾಗ ಕಳೆದುಕೊಂಡ ಎಷ್ಟೋ ವಸ್ತುಗಳು ಇಲ್ಲಿಗೆ ಬಂದು ಸೇರಿದವು. ಘಾರಾಪುರಿ ದ್ವೀಪಕ್ಕೆ ‘ಎಲಿಫೆಂಟಾ’ ಎಂಬ ಹೆಸರು ತಂದ ಕಲ್ಲಾನೆ ಇರುವುದು ಮ್ಯೂಸಿಯಂ ಪಕ್ಕದಲ್ಲಿ. ಕಾಲಾಘೋಡಾ ಚೌಕದ ಆ ಕಪ್ಪು ಕುದುರೆಯೂ, ಅದರ ಮೇಲೆ ಕೂತ ಏಳನೇ ಎಡ್ವರ್ಡ್ ದೊರೆಯೂ 1965ರಲ್ಲಿ ಇಲ್ಲಿಗೇ ಬಂದರು.

ಇನ್ನು ಮರಗಳ ವಿಷಯ. ಸುಮಾರು 50 ಎಕರೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮರಗಳು, 280ಕ್ಕೂ ಹೆಚ್ಚು ಜಾತಿಗಳು. ಕಟ್ಟಡದ ಮೇಲೆ ಕಟ್ಟಡ ಏರುವ ಮುಂಬಯಿಯಲ್ಲಿ ಇದೊಂದು ಪವಾಡವೇ ಸರಿ. ಬರ್ಮಾದಿಂದ ಬಂದ ಊರ್ವಶಿ ಇಲ್ಲಿದೆ. ಅದರ ಹೂಗೊಂಚಲು ಕೆಂಪು ದೀಪದ ಸರದಂತೆ ಕೆಳಗೆ ಇಳಿಬಿದ್ದಿರುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ನಾಗಲಿಂಗವಿದೆ. ಮರಾಠಿಗರು ಅದನ್ನು ಕೈಲಾಸಪತಿ ಎನ್ನುತ್ತಾರೆ. ಎಲ್ಲಿಯದೋ ಮರ ಇಲ್ಲಿಗೆ ಬಂದು ಶಿವನ ಹೆಸರು ಪಡೆದು ನಮ್ಮದೇ ಆಗಿಬಿಟ್ಟಿತು ನೋಡಿ! ನಿಜವಾದ ಸೀತಾ ಅಶೋಕವೂ ಇದೆ. ಹೌಸಿಂಗ್ ಸೊಸೈಟಿಯ ಗೋಡೆ ಪಕ್ಕ ಕಂಬದಂತೆ ನೆಟ್ಟಗೆ ನಿಂತಿರುತ್ತದಲ್ಲ, ಅದನ್ನು ನಾವು ಅಶೋಕ ಎಂದುಕೊಂಡಿದ್ದೇವೆ. ಅದು ಬೇರೆ, ಕಿತ್ತಳೆ ಕೆಂಪು ಹೂ ಬಿಡುವ ಈ ಅಶೋಕವೇ ಬೇರೆ.

ಆಫ್ರಿಕಾದ ಬೇಓಬಾಬ್ ಕೂಡ ಇಲ್ಲಿದೆ. ನಾಲ್ಕೈದು ಜನ ಕೈಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ ಬೆಳೆಯುವ ಮರ ಇದು. ಮರಾಠಿಯಲ್ಲಿ ಗೋರಖ್ ಚಿಂಚ್. ಹಾವೇರಿ ಕಡೆಯವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಸವಣೂರಿನ ಮಠದ ಆವರಣದಲ್ಲಿರುವ ದೊಡ್ಡಹುಣಸೆ ಮರಗಳು ಇದೇ ಜಾತಿಯವು. ಆ ಮಠಕ್ಕೆ ಹೆಸರು ಬಂದದ್ದೇ ಈ ಮರದಿಂದ. ಊರು ಬಿಟ್ಟು ಮುಂಬಯಿಗೆ ಬಂದ ಸವಣೂರಿನವರೊಬ್ಬರು ಬೈಕುಲಾದಲ್ಲಿ ಈ ಮರವನ್ನು ಕಂಡರೆ ಅವರಿಗೆ ಹೇಗನ್ನಿಸೀತು, ನೀವೇ ಊಹಿಸಿ.

ಈಗ 2007ಕ್ಕೆ ಬರೋಣ. ಪ್ರಾಣಿಸಂಗ್ರಹಾಲಯವನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸಲು ಪಾಲಿಕೆ ಸುಮಾರು 433 ಕೋಟಿ ರೂಪಾಯಿಯ ಯೋಜನೆ ಹಾಕಿಕೊಂಡಿತು. ವಿದೇಶಿ ಸಲಹೆಗಾರರು, ಹೊಸ ಹೊಸ ಆವರಣಗಳು, ಹೊಸ ಪ್ರಾಣಿಗಳು. ಕೇಳಲು ಚೆಂದವೇ. ಹಳೆಯ ಪಂಜರಗಳ ಸ್ಥಿತಿ ನೋಡಿ ಮರುಗದವರು ಯಾರು? ಆದರೆ ಇಷ್ಟೆಲ್ಲ ಕಟ್ಟಬೇಕಾದ ನೆಲದಲ್ಲಿ ನೂರೈವತ್ತು ವರ್ಷದ ಬೇರುಗಳಿದ್ದವು. ನೆಲ ಅಗೆದು ಕಾಂಕ್ರೀಟ್ ಸುರಿದರೆ, ಮರ ಕಡಿಯದಿದ್ದರೂ ಅದು ನಿಧಾನಕ್ಕೆ ಒಣಗುತ್ತದೆ. ಬೇರಿಗೆ ನೀರೂ ಬೇಕು, ಗಾಳಿಯೂ ಬೇಕು.

ಆಗ ಎದ್ದು ನಿಂತವರು ಯಾರು ಗೊತ್ತೇ? ದೊಡ್ಡ ಪಕ್ಷಗಳಲ್ಲ, ಶ್ರೀಮಂತರಲ್ಲ. ಈ ತೋಟದಲ್ಲಿ ಗಿಡಮರ ನೋಡುತ್ತ, ಸಸ್ಯಶಾಸ್ತ್ರ ಕಲಿಯುತ್ತ ಅಡ್ಡಾಡುತ್ತಿದ್ದ ಕೆಲವೇ ಮಂದಿ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ರಾಣಿಬಾಗ್ ಉಳಿಸಿ ಎಂದು ಸಮಿತಿ ಕಟ್ಟಿಕೊಂಡರು. ಅವರ ಬಳಿ ಇದ್ದ ಆಯುಧ ಒಂದೇ: ಮರಗಳ ಪಟ್ಟಿ. ಯಾವ ಜಾತಿ, ಎಲ್ಲಿದೆ, ಎಷ್ಟು ಅಪರೂಪ ಎಂಬ ವಿವರಗಳನ್ನು ಒಟ್ಟುಮಾಡಿದರು. ಜನರನ್ನು ತೋಟಕ್ಕೆ ಕರೆದುಕೊಂಡು ಹೋಗಿ ಮರದಿಂದ ಮರಕ್ಕೆ ನಡೆಸಿ ಪರಿಚಯ ಮಾಡಿಸಿದರು. ಪರಂಪರೆ ಸಂರಕ್ಷಣಾ ಸಮಿತಿಯ ಮುಂದೆ, ಪತ್ರಿಕೆಗಳ ಮುಂದೆ ವರ್ಷಗಟ್ಟಲೆ ವಾದಿಸಿದರು. ‘ಕೆಲವು ಮರಗಳು’ ಎಂದು ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ‘ಈ ದಾರಿಯ ಎಡಗಡೆ ನಿಂತಿರುವ ಈ ಊರ್ವಶಿ’ ಎಂದು ಹೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಕೊನೆಗೆ ಆ ಬೃಹತ್ ಯೋಜನೆ ಮೂಲ ರೂಪದಲ್ಲಿ ಜಾರಿಗೆ ಬರಲಿಲ್ಲ. ಬದಲಾವಣೆಗಳು ಆಗಲೇ ಇಲ್ಲ ಎಂದೇನೂ ಅಲ್ಲ. 2016ರಲ್ಲಿ ಪೆಂಗ್ವಿನ್‌ಗಳು ಬಂದವು, 2017ರ ಮಾರ್ಚ್‌ನಲ್ಲಿ ಜನರಿಗೆ ಅವುಗಳ ದರ್ಶನವಾಯಿತು. ಅದೇ ವರ್ಷ ದೊಡ್ಡವರ ಪ್ರವೇಶ ಶುಲ್ಕ 5 ರೂಪಾಯಿಯಿಂದ 50ಕ್ಕೆ ಏರಿತು. ಸುತ್ತಲಿನ ಗಿರಣಿ ಚಾಳುಗಳ ಜನ ಚಿಲ್ಲರೆ ಕಾಸಿನಲ್ಲಿ ಭಾನುವಾರ ಕಳೆಯುತ್ತಿದ್ದ ತೋಟ ಇದು ಎಂದು ನೆನೆದರೆ ಮನಸ್ಸು ಕೊಂಚ ಭಾರವಾಗುತ್ತದೆ. ಆದರೂ ಮರಗಳು ನಿಂತಿವೆ. ನೆರಳು ಉಳಿದಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಪಾಲಿಕೆ ನಡೆಸುವ ಫಲಪುಷ್ಪ ಪ್ರದರ್ಶನಕ್ಕೆ ಜನ ಸಾಲುಗಟ್ಟಿ ಬರುತ್ತಾರೆ.

ಫಲಪುಷ್ಪ ಪ್ರದರ್ಶನ ಎಂದೊಡನೆ ನಿಮಗೆ ಬೆಂಗಳೂರಿನ ಲಾಲ್‌ಬಾಗ್ ನೆನಪಾಯಿತಲ್ಲವೇ? ಸಹಜವೇ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನಮನೆ, ಜನವರಿ ಮತ್ತು ಆಗಸ್ಟ್‌ನ ಹೂವಿನ ಜಾತ್ರೆ. ನಾವು ಹುಳಿಗೆ ಹಾಕುವ ಸೀಮೆಬದನೆ ಆ ಭಾಗಕ್ಕೆ ಬಂದದ್ದು ಲಾಲ್‌ಬಾಗ್‌ನ ಜಾನ್ ಕ್ಯಾಮೆರಾನ್ ಅವರ ಮೂಲಕ. ಚೆನ್ನೈ ತರಕಾರಿ ಅಂಗಡಿಯಲ್ಲಿ ಅದಕ್ಕೆ ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುವುದು ಅದಕ್ಕೇ. ಹಳೆಯ ತೋಟಗಳು ಬರೀ ಕಣ್ಣಿಗೆ ಹಬ್ಬವಲ್ಲ, ನಮ್ಮ ಅಡುಗೆಮನೆಗೂ ಬಂದಿವೆ.

ಮುಂಬಯಿಯಲ್ಲಿಲ್ಲದ ಕೇಳುಗರು ಬೇಸರಿಸಬೇಡಿ, ನಿಮ್ಮೂರಲ್ಲೂ ಇಂಥ ತಾಣಗಳಿವೆ. ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿ ಗಣರಾಜ್ಯೋತ್ಸವದ ಸುಮಾರಿಗೆ ಹೂವಿನ ಪ್ರದರ್ಶನ ನಡೆಯುತ್ತದೆ. ಹೈದರಾಬಾದಿನ ಪ್ರಸಿದ್ಧ ನುಮಾಯಿಶ್ 1938ರಲ್ಲಿ ಶುರುವಾದದ್ದು ಬಾಗ್-ಎ-ಆಮ್ ಎಂಬ ಪಬ್ಲಿಕ್ ಗಾರ್ಡನ್‌ನಲ್ಲಿ. ದೆಹಲಿಯ ಲೋಧಿ ಗಾರ್ಡನ್ 1936ರಲ್ಲಿ ತೆರೆದದ್ದು. ಬೆಳಗಿನ ವಾಕಿಂಗ್‌ಗೆ ಹೋದರೆ ಸುಲ್ತಾನರ ಗೋರಿಗಳ ನಡುವೆ ಗಿಳಿಗಳ ಗದ್ದಲ. ಚೆನ್ನೈಯವರಿಗೆ ಇನ್ನೂ ಒಂದು ಸಂಗತಿ: ಕೆಥೀಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ 2010ರಲ್ಲಿ ತೆರೆಯಿತು. ಅದಕ್ಕೆ ಮೊದಲು ಅಲ್ಲಿದ್ದದ್ದು ಉಡುಪಿ ಮೂಲದ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್! ದೊಡ್ಡ ಮರಗಳ ಕೆಳಗೆ ಕಾರಿನಲ್ಲೇ ಕೂತು ಕಾಫಿ ಕುಡಿದ ನೆನಪು ನಿಮ್ಮ ಮನೆಯ ಹಿರಿಯರಿಗೆ ಖಂಡಿತ ಇರುತ್ತದೆ. ಕೇಳಿ ನೋಡಿ.

ಆದ್ದರಿಂದ ಒಂದು ಸಣ್ಣ ವಿನಂತಿ. ಮುಂದಿನ ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ನಿಮ್ಮೂರಿನ ಹಳೆಯ ಉದ್ಯಾನಕ್ಕೆ ಹೋಗಿ. ರಾಣಿಬಾಗಿಗಾದರೆ ಬುಧವಾರ ರಜೆ, ನೆನಪಿರಲಿ. ಮರ ಪರಿಚಯದ ನಡಿಗೆ ಏನಾದರೂ ಇದ್ದರೆ ಸೇರಿಕೊಳ್ಳಿ. ಇಲ್ಲದಿದ್ದರೆ ನೀವೇ ಒಂದೇ ಒಂದು ಮರ ಆರಿಸಿಕೊಳ್ಳಿ. ಅದರ ಹೆಸರನ್ನು ಆ ಊರಿನ ಭಾಷೆಯಲ್ಲಿ ತೋಟದ ಮಾಲಿಯನ್ನು ಕೇಳಿ, ಕನ್ನಡದ ಹೆಸರನ್ನು ಅಜ್ಜಿಗೆ ಫೋನ್ ಮಾಡಿ ಕೇಳಿ. ಎರಡನ್ನೂ ಮಕ್ಕಳ ನೋಟ್‌ಬುಕ್‌ನಲ್ಲಿ ಬರೆಸಿ. ನಾಳೆ ಆ ಮರದ ಬುಡಕ್ಕೆ ಯಾರಾದರೂ ಅಳತೆ ಟೇಪು ಹಿಡಿದು ಬಂದರೆ, ಅದನ್ನು ಹೆಸರು ಹಿಡಿದು ಕರೆಯಬಲ್ಲ ಒಂದು ಮಗುವಾದರೂ ಅಲ್ಲಿರಲಿ.

ನೀವು ಕಂಡ ಮರದ ಬಗ್ಗೆ ನಾಲ್ಕು ಸಾಲು ನಮಗೂ ಬರೆಯಿರಿ. ಮತ್ತೆ ಸಿಗೋಣ.