ಹೇರು ಬಿಗಿಯುವಿಕೆ: ಕೊಪ್ಪಳ ಜಿಲ್ಲೆಯ ಸಣ್ಣ ಸರಕು ವಾಹನಗಳಲ್ಲಿ

ವ್ಯಾನು, ಪಿಕಪ್, ಮೂರು ಗಾಲಿಯ ಟಂಟಂ ಮೊದಲಾದ ವಾಹನಗಳಲ್ಲಿ ಹೇರಿದ ಸರಕು ದಾರಿಯಲ್ಲಿ ಜಾರದಂತೆ, ಉರುಳದಂತೆ, ಕೆಳಗೆ ಬೀಳದಂತೆ ಒಟ್ಟಿ, ಒತ್ತುಕೊಟ್ಟು, ಕಟ್ಟುವ ಕೆಲಸ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಕೆಲಸವನ್ನು ಹಮಾಲರು, ಚಾಲಕರು ಮತ್ತು ಕ್ಲೀನರುಗಳು ನೋಡಿ ಕಲಿತು ಮಾಡುತ್ತಾರೆ. ಅವರ ಪದ್ಧತಿ ಸೆಣಬಿನ ಚೀಲ, ನಿಧಾನವಾಗಿ ಸಾಗುವ ಲಾರಿ ಮತ್ತು ಉದ್ದನೆಯ ಹಗ್ಗದ ಕಾಲದಲ್ಲಿ ರೂಪುಗೊಂಡದ್ದು. ಚೀಲ, ವಾಹನ, ರಸ್ತೆ ಮೂರೂ ಬದಲಾಗಿರುವುದರಿಂದ ಆ ಪದ್ಧತಿಯ ಯಾವ ಭಾಗ ಇಂದಿಗೂ ಸರಿ, ಯಾವುದು ಸಾಲದು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಹಿನ್ನೆಲೆ

ಗಾಡಿದಾರಿಗಳು ಕಡಿಮೆಯಿದ್ದ ಕಾಲದಲ್ಲಿ ದಖ್ಖನಿನ ಈ ಭಾಗದ ಸರಕು ಹೇರೆತ್ತುಗಳ ಮೇಲೆ ಸಾಗುತ್ತಿತ್ತು. ಧಾನ್ಯ ಮತ್ತು ಉಪ್ಪಿನ ಸಾಗಣೆಯಲ್ಲಿ ಲಂಬಾಣಿಗಳ ಪಾತ್ರ ದೊಡ್ಡದು. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಮುಟ್ಟಿಸಿದವರಲ್ಲಿ ಅವರು ಪ್ರಮುಖರು. ಹೇರೆತ್ತಿನ ಬೆನ್ನಿನ ಎರಡೂ ಕಡೆ ಸಮತೂಕದ ಗೋಣಿ ಇಳಿಬಿಡುತ್ತಿದ್ದರು. ತೂಕ ಸಮನಾಗಿದ್ದರೆ ಹೇರು ತನ್ನ ಭಾರದಿಂದಲೇ ನಿಲ್ಲುತ್ತಿತ್ತು, ಹಗ್ಗ ಅದಕ್ಕೆ ಆಸರೆ ಮಾತ್ರ. ಒಂದು ಬದಿ ಹೆಚ್ಚಾದರೆ ಎಷ್ಟು ಬಿಗಿದರೂ ಗೋಣಿ ಜಾರುತ್ತಿತ್ತು. ಹಗ್ಗಕ್ಕಿಂತ ಹೇರುವ ಕ್ರಮ ಮುಖ್ಯ ಎಂಬ ತಿಳಿವಳಿಕೆ ಇಷ್ಟು ಹಳೆಯದು. ಮೋಟಾರು ಬಂದ ಮೇಲೆ ಅದು ಹಿಂದೆ ಸರಿಯಿತೆಂದೇ ಹೇಳಬೇಕು.

1880ರ ದಶಕದಲ್ಲಿ ಸದರ್ನ್ ಮರಾಠ ರೈಲ್ವೆಯ ಹಳಿ ಬಳ್ಳಾರಿ, ಹೊಸಪೇಟೆಗಳಿಂದ ಕೊಪ್ಪಳದ ಮೂಲಕ ಗದಗಕ್ಕೆ ಹೋಯಿತು. ದೊಡ್ಡ ಸರಕು ರೈಲಿಗೆ ಏರಿತು, ಊರಿನಿಂದ ಸ್ಟೇಷನ್ನಿನವರೆಗಿನ ದಾರಿ ಚಕ್ಕಡಿಯ ಪಾಲಾಯಿತು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಹಳಿಯಿಂದ ದೂರವೇ ಉಳಿದವು. ಕುಷ್ಟಗಿಗೆ ಪ್ರಯಾಣಿಕರ ರೈಲು ಬಂದದ್ದು 2025ರಲ್ಲಿ. ಈ ಮೂರೂ ಪೇಟೆಗಳ ವ್ಯಾಪಾರ ರಸ್ತೆಯನ್ನೇ ನಂಬಿ ಬೆಳೆಯಲು ಇದೊಂದು ಕಾರಣ.

ನಿಜವಾದ ತಿರುವು ತುಂಗಭದ್ರಾ ಅಣೆಕಟ್ಟಿನದು. 1953ರಲ್ಲಿ ನೀರು ನಿಂತ ಮೇಲೆ ಎಡದಂಡೆ ಕಾಲುವೆಯ ಕೆಳಗೆ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತದ ಬೆಳೆ ಹರಡಿತು. ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು, ಅಕ್ಕಿ ಗಿರಣಿಗಳು ಎದ್ದವು. ಗಿರಣಿಯ ಅಂಗಳದಲ್ಲಿ ಹೇರುವ ವಿದ್ಯೆ ಹದಗೊಂಡಿತು. ಭತ್ತ 75 ಕಿಲೊ ಚೀಲದಲ್ಲಿ, ಅಕ್ಕಿ ಕ್ವಿಂಟಲ್ ಚೀಲದಲ್ಲಿ ಬೆನ್ನಿನ ಮೇಲೆ ಏರುತ್ತಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಬ್ಬ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೊ ಮೀರಬಾರದೆಂದು ಶಿಫಾರಸು ಮಾಡಿತ್ತು. ಇಲ್ಲಿನ ಹಮಾಲರ ಬೆನ್ನಿಗೆ ಅದರ ಫಲ ಬಹಳ ತಡವಾಗಿ ಮುಟ್ಟಿತು.

ಹಮಾಲರು ರೂಢಿಸಿದ ನಿಟ್ಟಿನ, ಅಂದರೆ ಚೀಲ ಒಟ್ಟುವ, ಕ್ರಮವನ್ನು ಇಲ್ಲಿ ವಿವರವಾಗಿ ದಾಖಲಿಸುವುದು ಅಗತ್ಯ. ಮೊದಲ ಸಾಲು ಕ್ಯಾಬಿನ್ನಿನ ಹಿಂದಿನ ಗೋಡೆಗೆ ಒತ್ತಿ ಬರಬೇಕು. ಒಂದು ಪದರದಲ್ಲಿ ಚೀಲಗಳು ಉದ್ದಕ್ಕೆ ಮಲಗಿದರೆ ಮೇಲಿನದರಲ್ಲಿ ಅಡ್ಡಕ್ಕೆ. ಹೊಲಿದ ಬಾಯಿ ಒಳಮುಖವಾಗಿರಬೇಕು, ಹೊಲಿಗೆ ಬಿಚ್ಚಿದರೂ ಕಾಳು ರಸ್ತೆಗೆ ಸುರಿಯದು. ಬದಿಯ ಹಲಗೆಗಿಂತ ಮೇಲೆ ಹೋಗುವ ಪ್ರತಿ ಪದರವೂ ಸ್ವಲ್ಪ ಒಳಕ್ಕೆ ಸರಿಯಬೇಕು. ಕೊನೆಯ ಚೀಲಗಳು ನಡುವೆ ಬಿದ್ದು ಉಳಿದವನ್ನು ಅದುಮಬೇಕು. ಇದರಲ್ಲಿ ಒಂದಂಶವನ್ನೂ ಇಂದಿನ ಎಂಜಿನಿಯರಿಂಗ್ ಅಲ್ಲಗಳೆಯುವುದಿಲ್ಲ.

ಚೀಲದ ಬದಲಾವಣೆ

ಸೆಣಬಿನ ಚೀಲದ ಮೈ ಒರಟು, ಒಂದರ ಮೇಲೊಂದು ಇಟ್ಟರೆ ಎಳೆಗೆ ಎಳೆ ಕಚ್ಚಿಕೊಳ್ಳುತ್ತದೆ. ಸರ್ಕಾರಿ ಖರೀದಿಯ ಧಾನ್ಯಕ್ಕೆ ಸೆಣಬು ಉಳಿದಿರುವುದು ಬಹುಮಟ್ಟಿಗೆ 1987ರ ಸೆಣಬು ಪ್ಯಾಕೇಜಿಂಗ್ ಕಾಯಿದೆಯ ಬಲದಿಂದ. ಖಾಸಗಿ ವ್ಯಾಪಾರದ ಸೋನಾ ಮಸೂರಿ ಮಾತ್ರ ನುಣುಪು ಮೈಯ ಪ್ಲಾಸ್ಟಿಕ್ ನೇಯ್ಗೆಯ ಚೀಲಕ್ಕೆ ಹೋಯಿತು. 25 ಕಿಲೊ ಚೀಲ ಮನೆಮಾತಾಯಿತು. 2022ರ ಜುಲೈ 18ರಿಂದ 25 ಕಿಲೊವರೆಗಿನ ಲೇಬಲ್ ಹಚ್ಚಿದ ಧಾನ್ಯದ ಚೀಲಕ್ಕೆ ಶೇ 5 ಜಿಎಸ್‌ಟಿ ಬಿದ್ದಾಗ 26 ಕಿಲೊ ಚೀಲಗಳು ಪೇಟೆಗೆ ಬಂದವು.

ಹೇರಿನ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಸಣ್ಣ ಚೀಲ ಎತ್ತಲು ಹಗುರ, ಆದರೆ ಅದೇ ತೂಕಕ್ಕೆ ಚೀಲಗಳ ಸಂಖ್ಯೆ ಮೂರು ನಾಲ್ಕು ಪಟ್ಟು. ಎಷ್ಟು ಚೀಲವೋ ಅಷ್ಟು ಜಾರುವ ಮುಖಗಳು. ಮೇಲೆ ಚಿತ್ರ, ಹೊಳಪು ಲೇಪವಿರುವ ಚೀಲಗಳು ತಿರುವಿನಲ್ಲಿ ಒಂದರ ಮೇಲಿಂದ ಒಂದು ನೀರಿನಂತೆ ಹರಿಯುತ್ತವೆ. ವಾಹನದ ತಗಡಿನ ತಳದಲ್ಲಿ ಹಿಂದಿನ ಹೇರಿನ ತೌಡು, ಅಕ್ಕಿಕಾಳು ಉಳಿದಿದ್ದರಂತೂ ಹಿಡಿತ ಇನ್ನೂ ಕಡಿಮೆ. ಹೇರುವ ಮೊದಲು ತಳ ಗುಡಿಸುವುದು ಖರ್ಚಿಲ್ಲದ, ಹೆಚ್ಚಿನವರು ಬಿಟ್ಟುಬಿಡುವ ಸುರಕ್ಷಾ ಕ್ರಮ.

ವಾಹನದ ಬದಲಾವಣೆ

2005ರಲ್ಲಿ ಟಾಟಾ ಏಸ್ ಬಂದಾಗ, ಲಾರಿ ಹೋಗದ ಓಣಿಗೂ ಮುಕ್ಕಾಲು ಟನ್ ಸರಕು ಮುಟ್ಟುವಂತಾಯಿತು. ಬೊಲೆರೊ ಪಿಕಪ್, 2011ರ ಅಶೋಕ್ ಲೇಲ್ಯಾಂಡ್ ದೋಸ್ತ್ ಹೆಚ್ಚು ಭಾರಕ್ಕೆ ಒದಗಿದವು. ಸಣ್ಣ ಗಾಲಿ, ಕಿರಿದಾದ ಮೈ, ತಗ್ಗಾದ ಬದಿಹಲಗೆಗಳ ಈ ವಾಹನಗಳಲ್ಲಿ ಸರಕು ಬೇಗನೆ ಹಲಗೆಗಿಂತ ಮೇಲೇಳುತ್ತದೆ, ಗುರುತ್ವಕೇಂದ್ರವೂ ಮೇಲಕ್ಕೆ ಹೋಗುತ್ತದೆ. ಭಾರವೆಲ್ಲ ಹಿಂದಿನ ಅಚ್ಚಿನ ಆಚೆ ಬಿದ್ದರೆ ಮುಂಗಾಲಿ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಇನ್ನೊಂದೆಡೆ ವಿಜಯಪುರ, ಕುಷ್ಟಗಿ, ಹೊಸಪೇಟೆ ದಾರಿಯ ರಾಷ್ಟ್ರೀಯ ಹೆದ್ದಾರಿ 50 ಮತ್ತು ಗದಗ, ಕೊಪ್ಪಳ, ಹೊಸಪೇಟೆ ದಾರಿಯ 67 ಅಗಲಗೊಂಡು ವೇಗ ಹೆಚ್ಚಿಸಿವೆ. ವೇಗ ಇಮ್ಮಡಿಯಾದರೆ ತಿರುವಿನಲ್ಲಿ ಸರಕನ್ನು ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ.

ಬಲಗಳ ಲೆಕ್ಕ

ಯುರೋಪಿನ ಇಎನ್ 12195-1 ಮಾನಕ ರಸ್ತೆ ಸಾಗಣೆಗೆ ಕೊಡುವ ಅಳತೆ ಇದು: ಬ್ರೇಕ್ ಹಾಕಿದಾಗ ಸರಕನ್ನು ಮುಂದಕ್ಕೆ ತಳ್ಳುವ ಬಲ ಅದರ ತೂಕದ 0.8 ಪಾಲು, ಬದಿಗೆ ಮತ್ತು ಹಿಂದಕ್ಕೆ 0.5 ಪಾಲು. ಅಂದರೆ ಒಂದು ಟನ್ ಅಕ್ಕಿ ಮುಂದಕ್ಕೆ 800 ಕಿಲೊ ಬಲದಿಂದ ನುಗ್ಗಬಹುದು.

ಇದನ್ನು ಮೊದಲು ತಡೆಯುವುದು ತಳದ ಘರ್ಷಣೆ. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಘರ್ಷಣೆ ತಡೆಯುವುದು 300 ಕಿಲೊ, ಉಳಿದ 500 ಕಿಲೊ ಬೇರೆ ಕಡೆಯಿಂದ ಬರಬೇಕು. ಮೇಲಿಂದ ಹಾಯಿಸಿದ ಹಗ್ಗ ಈ 500 ಕಿಲೊವನ್ನು ನೇರವಾಗಿ ಹಿಡಿಯುವುದಿಲ್ಲ. ಸರಕನ್ನು ತಳಕ್ಕೆ ಅದುಮಿ ಘರ್ಷಣೆ ಹೆಚ್ಚಿಸುತ್ತದೆ, ಅಷ್ಟೆ. 500 ಕಿಲೊ ಘರ್ಷಣೆ ಹೆಚ್ಚಬೇಕಾದರೆ ಅದುಮುವ ಬಲ ಸುಮಾರು 1,670 ಕಿಲೊ ಬೇಕು. ಒಬ್ಬ ಆಳು ಜಗ್ಗಿ ಕಟ್ಟಿದ ಹಗ್ಗದಲ್ಲಿ 50 ಕಿಲೊ ಬಿಗಿತ ಉಳಿದರೆ, ಎರಡೂ ಬದಿ ಸೇರಿ ಒಂದು ಸುತ್ತು ಅದುಮುವುದು 100 ಕಿಲೊ. ಅಲ್ಲಿಗೆ ಹದಿನೇಳು ಸುತ್ತು ಬೇಕಾಯಿತು. ಹಗ್ಗ ನೆಟ್ಟಗೆ ಇಳಿಯದೆ ತಳದೊಂದಿಗೆ 30 ಡಿಗ್ರಿ ಓರೆಯಾದರೆ ಅದರ ಅರ್ಧ ಬಲ ವ್ಯರ್ಥ, ಆಗ ಸುತ್ತು ಇಮ್ಮಡಿ. ಅಷ್ಟು ಸುತ್ತು ಯಾರೂ ಹಾಕುವುದಿಲ್ಲ.

ಅದೇ ಒಂದು ಟನ್ನಿನ ಕೆಳಗೆ ಘರ್ಷಣಾಂಕ 0.6 ಇರುವ ರಬ್ಬರ್ ಹಾಸು ಹಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮುಂದಕ್ಕೆ ತಡೆಯಬೇಕಾದದ್ದು 200 ಕಿಲೊ ಮಾತ್ರ, ಅದಕ್ಕೆ ಅದುಮುವ ಬಲ 335 ಕಿಲೊ ಸಾಕು, ಕೈ ಹಗ್ಗದ ನಾಲ್ಕು ಸುತ್ತಿನಲ್ಲಿ ಬರುತ್ತದೆ. ಬದಿಗೆ ಜಾರುವ ಬಲವನ್ನು ಹಾಸೇ ತಡೆಯುತ್ತದೆ. ಹಾಸಿಗೆ ತಗಲುವ ಖರ್ಚು ಹಗ್ಗ, ತಾಡಪತ್ರಿಗಳ ಖರ್ಚಿನ ಮುಂದೆ ದೊಡ್ಡದಲ್ಲ. ಹಾಸು ತಳವನ್ನಷ್ಟೇ ಹಿಡಿಯುತ್ತದೆ, ಮೇಲಿನ ಪದರಗಳಿಗೆ ಅಡ್ಡ-ಉದ್ದದ ನಿಟ್ಟು ಬೇಕೇ ಬೇಕು ಎಂಬುದನ್ನು ಮರೆಯುವಂತಿಲ್ಲ.

ಸರಕು ಕ್ಯಾಬಿನ್ ಗೋಡೆಗೆ ಒತ್ತಿ ನಿಂತಿದ್ದರೆ ಮುಂದಿನ ಬಲದ ಹೆಚ್ಚಿನ ಪಾಲನ್ನು ಗೋಡೆಯೇ ಹೊರುತ್ತದೆ. ನಡುವೆ ಒಂದು ಮೀಟರ್ ಖಾಲಿ ಬಿಟ್ಟರೆ ಅದೇ ಗೋಡೆ ಅಪಾಯಕ್ಕೆ ದಾರಿ. ವಾಹನ 0.7 ಪಾಲು ಬಲದಿಂದ ನಿಲ್ಲುತ್ತಿದ್ದು ಸರಕನ್ನು ಘರ್ಷಣೆ 0.3 ಪಾಲಷ್ಟೇ ತಡೆದರೆ, ಒಂದು ಮೀಟರ್ ಜಾರುವಷ್ಟರಲ್ಲಿ ಸರಕಿನ ವೇಗ ಗೋಡೆಯ ಲೆಕ್ಕದಲ್ಲಿ ಗಂಟೆಗೆ 10 ಕಿಲೊಮೀಟರ್ ಆಗಿರುತ್ತದೆ. 750 ಕಿಲೊ ಭಾರವನ್ನು 40 ಸೆಂಟಿಮೀಟರ್ ಎತ್ತರದಿಂದ ಕ್ಯಾಬಿನ್ನಿನ ತಗಡಿನ ಮೇಲೆ ಬೀಳಿಸಿದ ಪೆಟ್ಟು ಅದು. ಅರ್ಧ ಹೇರಿದ್ದರೆ ಹಿಂಬಾಗಿಲ ಬಳಿ ಇಳಿಸಲು ಸುಲಭವೆಂದು ಸರಕನ್ನು ಹಿಂದೆ ಇಡುವ ರೂಢಿ ಆದ್ದರಿಂದಲೇ ಅಪಾಯಕರ.

ಹಗ್ಗ, ಗಂಟು, ಬೆಲ್ಟು

ಇಲ್ಲಿ ಹೆಚ್ಚು ಬಳಕೆಯ ಗಂಟಿನಲ್ಲಿ ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ವಾಹನದ ಕೊಕ್ಕೆಗೆ ಹಾಯಿಸಿ, ಮತ್ತೆ ಕುಣಿಕೆಯೊಳಗೆ ತೂರಿಸಿ ಜಗ್ಗುತ್ತಾರೆ. ಲೆಕ್ಕಕ್ಕೆ ಇದು ಜಗ್ಗಿದ ಬಲವನ್ನು ಮೂರು ಪಟ್ಟು ಮಾಡಬೇಕು. ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ನಿಜದಲ್ಲಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಒಂದೆಳೆತಕ್ಕೆ ಬಿಚ್ಚುತ್ತದೆ ಎಂಬುದು ಇದರ ದೊಡ್ಡ ಗುಣ. ನೈಲಾನ್ ಹಗ್ಗ ಗಟ್ಟಿ, ಆದರೆ ಹಿಗ್ಗುತ್ತದೆ. ಅಕ್ಕಿ, ಭತ್ತ ಕುಲುಕಾಟಕ್ಕೆ ಕುಸಿದು ಕೂರುವುದರಿಂದ ಮೊದಲ ಕೆಲವು ಕಿಲೊಮೀಟರಿನಲ್ಲೇ ಹಗ್ಗ ಸಡಿಲಾಗುತ್ತದೆ. ಅಲ್ಲೊಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಹಳೆಯ ಚಾಲಕರು ಇದನ್ನು ತಪ್ಪಿಸುವುದಿಲ್ಲ.

ರ‍್ಯಾಚೆಟ್ ಇರುವ ಪಾಲಿಯೆಸ್ಟರ್ ಬೆಲ್ಟು ಕೈಯ 50 ಕಿಲೊ ಬಲಕ್ಕೆ 300 ಕಿಲೊ ಅಥವಾ ಅದಕ್ಕೂ ಹೆಚ್ಚು ಬಿಗಿತ ಕೊಡಬಲ್ಲದು. ಮೇಲಿನ ಲೆಕ್ಕದ ಹದಿನೇಳು ಸುತ್ತಿನ ಕೆಲಸ ಇದರ ಮೂರು ಬೆಲ್ಟಿನಲ್ಲಿ ಮುಗಿಯುತ್ತದೆ. ಚೂಪು ಅಂಚಿನ ಮೇಲೆ ಹಾಯುವಲ್ಲಿ ಅಡಿಗೆ ಗೋಣಿಯ ಮಡಿಕೆ ಇಡದಿದ್ದರೆ ಬೆಲ್ಟು ಕತ್ತರಿಸಿಹೋಗುತ್ತದೆ. ಕಾರ್ಟನ್, ಹಣ್ಣಿನ ಕ್ರೇಟುಗಳ ಮೇಲೆ ಅತಿಯಾಗಿ ತಿರುವಿದರೆ ಸರಕೇ ಒಡೆಯುತ್ತದೆ. ತಾಡಪತ್ರಿ ಮಳೆಗೆ ಮತ್ತು ಧೂಳಿಗೆ, ಅದನ್ನು ಬಿಗಿತವೆಂದು ಎಣಿಸಬಾರದು.

ಸೀಮೆಯ ಸರಕುಗಳು

ಯಲಬುರ್ಗಾ, ಕುಕನೂರು ಭಾಗದ ಎರೆಭೂಮಿಯ ಜೋಳ, ಕಡಲೆ, ಮೆಕ್ಕೆಜೋಳಗಳಿಗೆ ಅಕ್ಕಿ ಚೀಲದ ಕ್ರಮವೇ ಸಾಕು.

ಕುಷ್ಟಗಿ ತಾಲ್ಲೂಕಿನ ದಾಳಿಂಬೆ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹೋಗುತ್ತದೆ. ತುಂಬಿದ ಕ್ರೇಟು ಒಂದರ ಅಂಚಿನಲ್ಲೊಂದು ಕೂತು ಚೆನ್ನಾಗಿ ನಿಲ್ಲುತ್ತದೆ. ತೊಂದರೆ ಮರಳಿ ಬರುವ ಖಾಲಿ ಕ್ರೇಟಿನದು. ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ ಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕಿಲೊ ಒತ್ತುತ್ತದೆ, ಎದುರುಗಾಳಿ ಇದ್ದರೆ ಇನ್ನೂ ಹೆಚ್ಚು. ಒಂದೆರಡು ಕಿಲೊ ತೂಕದ ಕ್ರೇಟನ್ನು ಎತ್ತಿ ಹಿಂದಿನ ಬೈಕ್ ಸವಾರನ ಮೇಲೆ ಹಾಕಲು ಅಷ್ಟು ಸಾಕು. ಹಗುರ ಹೇರಿಗೆ ಬಲೆ ಅಥವಾ ಹಗ್ಗ ಹೆಚ್ಚು ಬೇಕು.

ಕುಷ್ಟಗಿ ತಾಲ್ಲೂಕಿನ ಗಣಿಗಳ ಕೆಂಗಲ್ಲು ಇಳಕಲ್ ಗ್ರಾನೈಟ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲ, 20 ಮಿಲಿಮೀಟರ್ ದಪ್ಪದ ಹಲಗೆ ಸುಮಾರು 160 ಕಿಲೊ ತೂಗುತ್ತದೆ. ಹಲಗೆಗಳನ್ನು ನಿಲ್ಲಿಸಿಯೇ ಒಯ್ಯಬೇಕು, ಎರಡು ಕಡೆಗೂ ಇಳಿಜಾರಿರುವ ಕಬ್ಬಿಣದ ಚೌಕಟ್ಟಿಗೆ ಒರಗಿಸಿ, ಚೌಕಟ್ಟನ್ನು ವಾಹನಕ್ಕೂ ಹಲಗೆಗಳನ್ನು ಚೌಕಟ್ಟಿಗೂ ಬೇರೆ ಬೇರೆಯಾಗಿ ಬಿಗಿಯಬೇಕು. ಎರಡು ಬದಿಯಲ್ಲಿ ಸಮಸಂಖ್ಯೆಯ ಹಲಗೆ ಇರಬೇಕು, ಇಳಿಸುವಾಗಲೂ ಆ ಸಮ ಕೆಡಬಾರದು.

ಮನೆ ಕಟ್ಟುವ ಸರಳುಗಳು ಪಿಕಪ್ಪಿನ ತಳಕ್ಕಿಂತ ಉದ್ದ. ಉಕ್ಕಿನ ಮೇಲೆ ಉಕ್ಕು ಸುಲಭವಾಗಿ ಜಾರುವುದರಿಂದ ಬ್ರೇಕಿಗೆ ಸರಳು ಕ್ಯಾಬಿನ್ನಿನ ಹಿಂಬದಿಯನ್ನು ಚುಚ್ಚುತ್ತದೆ, ಹಿಂದೆ ಚಾಚಿಕೊಂಡದ್ದು ರಾತ್ರಿ ಬರುವ ಸವಾರನಿಗೆ ಕಾಣುವುದಿಲ್ಲ. ಕೆಂಪು ಬಟ್ಟೆ ಕಟ್ಟಿದರೆ ಸಾಕೆಂಬ ನಂಬಿಕೆ ಇನ್ನೂ ಬಲವಾಗಿದೆ. ಚಾಚಿದ ಸರಳಿಗೆ ಇದ್ದ ರಿಯಾಯಿತಿಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳಿಂದ 2014ರಲ್ಲಿ ತೆಗೆದುಹಾಕಲಾಯಿತು.

ಕಿನ್ನಾಳದ ಬಣ್ಣದ ಗೊಂಬೆಗಳು ಹಗುರ ಮರದವು. ಅವಕ್ಕೆ ಬೇಕಾದದ್ದು ಪೆಟ್ಟಿಗೆಯೊಳಗಿನ ಮೆತ್ತೆ, ವಾಹನದ ಬಿಗಿತವಲ್ಲ.

ಮುಚ್ಚಿದ ವ್ಯಾನು

ಮಾರುತಿ ಓಮ್ನಿ, ಈಕೋದಂಥ ಮುಚ್ಚಿದ ವ್ಯಾನುಗಳು ಬೇಕರಿ, ಔಷಧಿ, ಕಿರಾಣಿ ಸಾಗಣೆಯಲ್ಲಿವೆ. ಸರಕು ಹೊರಗೆ ಬೀಳುವುದಿಲ್ಲವೆಂಬ ಕಾರಣಕ್ಕೆ ಕಟ್ಟುವುದನ್ನೇ ಬಿಡುವುದು ಇಲ್ಲಿನ ರೂಢಿ. ಚಾಲಕನ ಬೆನ್ನಿಗೂ ಸರಕಿಗೂ ನಡುವೆ ಗಟ್ಟಿ ಜಾಲರಿ ಇಲ್ಲದ ವ್ಯಾನಿನಲ್ಲಿ ಎಣ್ಣೆ ಡಬ್ಬಿಯೂ ಬ್ರೇಕಿಗೆ ತಲೆಯ ಮಟ್ಟಕ್ಕೆ ಹಾರಬಲ್ಲದು. ಸೀಟು ತೆಗೆದು ಸರಕಿಗೆ ಬಳಸುವ ಪ್ರಯಾಣಿಕರ ವ್ಯಾನುಗಳಲ್ಲಿ ಬೆಲ್ಟು ಸಿಕ್ಕಿಸಲು ಕೊಂಡಿಯೇ ಇರುವುದಿಲ್ಲ. ತಳಕ್ಕೆ ಕೊಂಡಿ, ಬೆನ್ನಿಗೆ ಜಾಲರಿ ಹಾಕಿಸುವುದು ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಆಗುವ ಕೆಲಸ. ಭಾರದ ಸರಕು ಕೆಳಗೆ ಮತ್ತು ಮುಂದೆ, ಹಗುರದ್ದು ಮೇಲೆ, ಸಿಲಿಂಡರ್ ಇದ್ದರೆ ನೆಟ್ಟಗೆ ನಿಲ್ಲಿಸಿ ಬಿಗಿದು ಇಡಬೇಕು.

ಕಾನೂನು

ಮೋಟಾರು ವಾಹನ ಕಾಯಿದೆ, 1988ರ 194ನೆಯ ಕಲಮಿಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ ದಂಡ. ಬದಿಗೆ, ಹಿಂದೆ ಮುಂದೆ ಚಾಚಿದ ಅಥವಾ ಎತ್ತರ ಮೀರಿದ ಹೇರಿಗೆ ಪ್ರತ್ಯೇಕವಾಗಿ 20,000 ರೂಪಾಯಿ. 123ನೆಯ ಕಲಮು ವಾಹನದ ಮೇಲೆ ಕೂತು ಪ್ರಯಾಣಿಸುವುದನ್ನು ನಿಷೇಧಿಸುತ್ತದೆ. ಆದರೂ ಹೇರಿದ ಚೀಲಗಳ ಮೇಲೆಯೇ ಹಮಾಲರು ಕೂತು ಇಳಿಸುವ ಜಾಗಕ್ಕೆ ಹೋಗುವುದು ಎಲ್ಲ ಪೇಟೆಗಳಲ್ಲೂ ಕಾಣುತ್ತದೆ. ಮಾಲೀಕರು ಅವರಿಗೆ ಬೇರೆ ವಾಹನ ಕೊಡುವುದಿಲ್ಲ, ಹೊಣೆ ಅಲ್ಲಿಂದ ಶುರುವಾಗಬೇಕು.

ಬಿಚ್ಚುವಾಗ

ದಾರಿಯಲ್ಲಿ ಸರಿದ ಸರಕು ಹಿಂಬಾಗಿಲಿಗೆ ಒರಗಿ ನಿಂತಿರುತ್ತದೆ, ಚಿಲಕ ತೆಗೆದೊಡನೆ ಎದುರಿದ್ದವನ ಮೇಲೆ ಬೀಳುತ್ತದೆ. ಬಾಗಿಲಿನ ಎದುರು ನಿಲ್ಲದೆ ಪಕ್ಕದಿಂದ ಚಿಲಕ ತೆಗೆಯಬೇಕು. ವಾಹನ ಸಮನೆಲದಲ್ಲಿ ನಿಂತ ಮೇಲೆ, ಹೇರು ಯಾವ ಕಡೆ ವಾಲಿದೆ ಎಂದು ನೋಡಿ, ವಾಲಿದ ಬದಿಯಲ್ಲಿ ಯಾರೂ ಇಲ್ಲದಾಗ ಹಗ್ಗ ಸಡಿಲಿಸಬೇಕು. ಚೀಲಗಳನ್ನು ಮೇಲಿನ ಪದರದಿಂದಲೇ ಇಳಿಸಬೇಕು, ಬೇಗ ಆಗಲೆಂದು ಕೆಳಗಿನದನ್ನು ಕೊಕ್ಕೆ ಹಾಕಿ ಎಳೆಯಬಾರದು. ಕಲ್ಲಿನ ಹಲಗೆಗಳಲ್ಲಿ, ಇಳಿಸಬೇಕಾದ ಹಲಗೆಗೆ ಆಸರೆ ಸಿಕ್ಕ ಮೇಲಷ್ಟೇ ಅದರ ಬೆಲ್ಟು ಬಿಚ್ಚಬೇಕು, ಉಳಿದವುಗಳ ಬೆಲ್ಟು ಹಾಗೆಯೇ ಇರಬೇಕು.